ಸಣ್ಣ ಸ್ಟೆಪ್ನಿ

೧೯೬೮ರಲ್ಲಿ, ಏಳನೇ ಕ್ಲಾಸು ಇನ್ನೂ ಅರ್ಧ ಇರುವಾಗಲೇ, ನಾನು ಶಾಲೆ ಬಿಟ್ಟೆ. ಫೇಲಾಗಿ ಅಲ್ಲ ಸ್ವಾಮಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಪ್ಪ ಹಾಸಿಗೆ ಹಿಡಿದರು, ನಾನು ಗಾಳಿ ಪಂಪು ಹಿಡಿದೆ. ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ತುಸು ಕೆಳಗೆ ಅಕ್ಕನ ಗಂಡನದೊಂದು ಟೈರಿನ ಅಂಗಡಿ ಇತ್ತು. ಅಂಗಡಿ ಅಂದರೆ ನಾಲ್ಕು ಕಂಬ, ಮೇಲೊಂದು ತಗಡು, ಟ್ಯೂಬು ಅದ್ದಿ ನೋಡೋಕೆ ಒಂದು ನೀರಿನ ತೊಟ್ಟಿ. ಅವತ್ತಿನಿಂದ ನನಗೆ ಅದೇ ಶಾಲೆ, ಭಾವನೇ ಮೇಷ್ಟ್ರು. ಆ ಮೇಷ್ಟ್ರು ಕಲಿಸಿದ ಮೊದಲ ಪಾಠ ಏನು ಗೊತ್ತೆ? ದೇವರು ಈ ಪ್ರಪಂಚವನ್ನು ಸರಿಯಾಗಿಯೇ ಮಾಡಿದ್ದಾನೆ, ಕಾರು ಮಾಡಿದವರು ಮಾತ್ರ ತಪ್ಪು ಮಾಡಿದ್ದಾರೆ. ನಾಲ್ಕು ಚಕ್ರಕ್ಕೂ ಒಂದೇ ಅಗಲದ ಟೈರು ಹಾಕಿಬಿಟ್ಟಿದ್ದಾರೆ!

ನಮ್ಮ ಭಾವ ಮನುಷ್ಯರ ಮುಖವನ್ನೇ ನೋಡುತ್ತಿರಲಿಲ್ಲ ಅಂದರೆ ನೀವು ನಂಬಬೇಕು. ಅವರಿಗೆ ಗುರುತು ಹತ್ತುತ್ತಿದ್ದದ್ದು ಟೈರಿನಿಂದ. "ನಿನ್ನೆ ಸಂಜೆ ಒಬ್ರು ಬಂದಿದ್ರಲ್ಲ ಭಾವ, ದಪ್ಪ ಮೀಸೆಯೋರು, ಅವ್ರು ತೀರಿಕೊಂಡ್ರಂತೆ" ಅಂದರೆ, "ಮೀಸೆ ಗೊತ್ತಿಲ್ಲ ಮಾರಾಯ. ಹಿಂದಿನ ಬಲಗಡೆ ಟೈರು ಬೋಳಾಗಿತ್ತಲ್ಲ, ಅವ್ರಾ? ಛೇ ಛೇ, ಒಳ್ಳೆ ಮನುಷ್ಯ. ಬದಲಾಯಿಸಿ ಅಂತ ಹೇಳಿದ್ದೆ" ಅನ್ನುವವರು. ಮದುವೆಗೆ ಹೋಗಿ ಬಂದರೆ ಅಕ್ಕ ಆಸೆಯಿಂದ ಕೇಳುತ್ತಿದ್ದಳು, "ಮದುಮಗಳು ಯಾವ ಬಣ್ಣದ ಸೀರೆ ಉಟ್ಟಿದ್ಲು ರೀ?" ಭಾವ ತುಂಬ ಹೊತ್ತು ಯೋಚನೆ ಮಾಡಿ ಹೇಳುತ್ತಿದ್ದರು, "ದಿಬ್ಬಣದ ಬಸ್ಸಿಗೆ ಹಿಂದೆ ರಬ್ಬರು ಮೆತ್ತಿದ ರೀಸೋಲ್ ಟೈರು ಹಾಕಿದ್ರು ಕಣೆ." ಅಕ್ಕ ತಲೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಮಕ್ಕಳಿಲ್ಲದ ಮನೆಯಲ್ಲಿ ನಗುವುದಕ್ಕೆ ಅವಳಿಗೂ ಇದ್ದದ್ದು ಇಷ್ಟೇ.

ಭಾವನ ಸಿದ್ಧಾಂತ ನೋಡಲು ಸುಲಭ. ನಮ್ಮ ಕಾಲದ ಕಾರುಗಳನ್ನು ಎಂಜಿನ್ನು ತಳ್ಳುತ್ತಿದ್ದದ್ದು ಹಿಂದಿನ ಚಕ್ರದಿಂದ. ತಳ್ಳುವವನಿಗೆ ಕಾಲು ಗಟ್ಟಿ ಇರಬೇಕು, ಹಾಗಾಗಿ ಹಿಂದೆ ಅಗಲದ ಟೈರು. ಮುಂದಿನ ಚಕ್ರದ ಕೆಲಸ ಬರೀ ದಾರಿ ತೋರಿಸುವುದು, ಅದಕ್ಕೆ ಸಣ್ಣದು ಸಾಕು. ಈ ಮಾತಿಗೆ ಅವರು ಸಾಕ್ಷಿಗೆ ಕರೆಯದ ಪ್ರಾಣಿ ಇರಲಿಲ್ಲ. "ಕಪ್ಪೆ ನೋಡು, ಹಿಂದೆ ಹೇಗಿದೆ ಕಾಲು? ಮೊಲ ನೋಡು. ಟ್ರಾಕ್ಟರ್ ನೋಡು!"

"ಎತ್ತಿನಗಾಡಿ?" ಅಂತ ನಾನು.

"ಅದಕ್ಕೇ ಅದು ಇನ್ನೂ ಎತ್ತಿನಗಾಡಿಯಾಗೇ ಉಳಿದಿರೋದು!"

ನಾನೂ ಬಿಡುವವನಲ್ಲ. "ಕತ್ತೆಕಿರುಬ ನೋಡಿದೀರಾ ಭಾವ? ಮುಂದೆ ಎತ್ತರ, ಹಿಂದೆ ಕುಗ್ಗು. ಅದು ಓಡಲ್ವಾ?"

"ಯಾವ ರ‍್ಯಾಲಿ ಗೆದ್ದಿದೆಯೋ ಕಿರುಬ?"

ನನ್ನ ವಾದ ಬೇರೆ. ನಾಲ್ಕೂ ಒಂದೇ ಅಗಲ ಇದ್ದರೆ ಮುಂದಿನದನ್ನು ಹಿಂದೆ, ಹಿಂದಿನದನ್ನು ಮುಂದೆ ಹಾಕಿ ಸಮನಾಗಿ ಸವೆಸಬಹುದು. ಅಗಲದ ಹಿಂಬದಿ ಜೋರಾಗಿ ತಳ್ಳಿದರೆ, ಸಡಿಲ ಜಲ್ಲಿಯ ತಿರುವಿನಲ್ಲಿ ಸಣ್ಣ ಮುಂಬದಿ ತಿರುಗದೆ ನೇರ ಕಣಿವೆಗೆ ದಾರಿ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದು ಸ್ಟೆಪ್ನಿ ಇಟ್ಟುಕೊಂಡರೆ ಯಾವ ಚಕ್ರ ಪಂಕ್ಚರಾದರೂ ಅದನ್ನೇ ಹಾಕಬಹುದು. ಎರಡು ಅಗಲ ಇಟ್ಟುಕೊಂಡವನಿಗೆ ಎರಡು ಸ್ಟೆಪ್ನಿ ಬೇಕು. ಡಿಕ್ಕಿಯಲ್ಲಿ ಜಾಗ ಇರುವುದು ಒಂದಕ್ಕೆ. ಆಗೇನು ಮಾಡುತ್ತೀರಿ? ಯಾವ ಚಕ್ರ ಪಂಕ್ಚರಾಗುತ್ತದೆ ಅಂತ ಜಾತಕ ಬರೆಸುತ್ತೀರಾ?

ಇದೆಲ್ಲ ಬರೀ ಬಾಯಿಮಾತಲ್ಲೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಜಾವಳಿ ಕಡೆಯ ಗೌಡರೊಬ್ಬರ ಹತ್ತಿರ ಗಿಳಿಹಸಿರು ಬಣ್ಣದ ಎರಡು ಬಾಗಿಲಿನ ಹೆರಾಲ್ಡ್ ಕಾರಿತ್ತು. ಗೌಡರಿಗೆ ಅಂಥಾ ದೊಡ್ಡ ತೋಟವೇನಿರಲಿಲ್ಲ, ರ‍್ಯಾಲಿ ಹುಚ್ಚು ಮಾತ್ರ ಇತ್ತು. ಆ ದಿನಗಳಲ್ಲಿ ವರ್ಷಕ್ಕೊಮ್ಮೆ, ಮಳೆ ಬಿಟ್ಟು ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಮುಂಚೆ, ನಮ್ಮ ಗುಡ್ಡಗಳಲ್ಲಿ ಕಾರುಗಳ ರ‍್ಯಾಲಿ ನಡೆಯುತ್ತಿತ್ತು. ಅದು ಬರೀ ಓಟ ಅಲ್ಲ. ಇಂಥಾ ಜಾಗಕ್ಕೆ ಇಷ್ಟು ಹೊತ್ತಿಗೆ ತಲುಪಬೇಕು. ಅಲ್ಲಲ್ಲಿ ಮೇಜು ಹಾಕಿಕೊಂಡು ಕೂತವರು ಚೀಟಿಯಲ್ಲಿ ಸಮಯ ಬರೆದು ಕೊಡುತ್ತಾರೆ. ತೀರಾ ತಡವಾದರೆ ಮೇಜು ಮಡಿಸಿಕೊಂಡು ಹೋಗುತ್ತಾರೆ, ನೀವು ಬಂದೇ ಇಲ್ಲ ಅಂತ ಲೆಕ್ಕ. ಗೌಡರಿಗೆ ಬೆನ್ನುನೋವು. ಹಾಗಾಗಿ ಕಾರು ಅವರದು, ಓಡಿಸುವುದು ಭಾವ, ಪಕ್ಕದಲ್ಲಿ ಗಡಿಯಾರ ಹಿಡಿದು ಮೈಲಿಗೂ ನಿಮಿಷಕ್ಕೂ ಲೆಕ್ಕ ಹಾಕುವುದು ನಾನು. ಕಾಲೇಜು ಓದಿದವರು ತಪ್ಪುತ್ತಿದ್ದ ಲೆಕ್ಕವನ್ನು ನಾನು ಬಾಯಲ್ಲೇ ಹಾಕುತ್ತಿದ್ದೆ. ಅದು ನನ್ನ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ಎರಡು ವರ್ಷ ಹೋದೆವು, ಎರಡು ವರ್ಷವೂ ಮುಗಿಸಲಿಲ್ಲ. ಮೊದಲ ಸಲ ಗೇರ್‌ಬಾಕ್ಸು ಹೋಯಿತು. ಎರಡನೇ ಸಲ ಮುಂದೆ ಹೋದ ಕಾರಿನ ಟೈರಿನ ಅಚ್ಚು ಕೆಸರಿನಲ್ಲಿ ಚೆನ್ನಾಗಿ ಬಿದ್ದಿದೆ ಅಂತ ಭಾವ ಕಾರು ನಿಲ್ಲಿಸಿ ಇಳಿದು, ಗೇಣಿನಲ್ಲಿ ಅಳೆಯುತ್ತಾ ಕೂತುಬಿಟ್ಟರು! "ಭಾವ, ಟೈಮು!" ಅಂತ ನಾನು ಬೊಬ್ಬೆ ಹೊಡೆಯುತ್ತಿದ್ದೇನೆ. "ಇರು ಮಾರಾಯ, ಇವನು ಹಿಂದೆ ಎಷ್ಟಗಲ ಹಾಕಿದಾನೆ ಅಂತ ಗೊತ್ತಾಗ್ಲಿ" ಅಂತ ಅವರು.

ಮೂರನೇ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ಗೌಡರು ಅಂಗಡಿಗೇ ಬಂದು ಸ್ಟೂಲ್ ಮೇಲೆ ಕೂತರು. "ನೋಡಪ್ಪಾ, ಮನೇಲಿ ದಿನಾ ಬೈಸಿಕೊಳ್ತಿದೀನಿ. ಇದು ಕಡೇ ಸಲ. ಗೆಲ್ಲೋದು ಬೇಡ, ಮುಗಿಸಿ ಬಾ ಸಾಕು. ಮುಗಿಸಿದ್ರೆ ಕಾರು ನಿನ್ನ ಕೈಲೇ ಇರ್ಲಿ, ವರ್ಷಾ ವರ್ಷಾ ಓಡಿಸ್ಕೋ. ಇಲ್ಲಾಂದ್ರೆ ಮಾರಿ ಜೀಪು ತಗೊಳ್ತೀನಿ."

ಗೌಡರು ಹೋದ ಮೇಲೆ ಭಾವ, ಅಂಗಡಿ ಮುಂದೆ ನಿಂತಿದ್ದ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಜೀವನದಲ್ಲಿ ಒಂದು ಸ್ವಂತ ಸೈಕಲ್ ಬಿಟ್ಟರೆ ಅವರದು ಅಂತ ಬೇರೆ ಗಾಡಿ ಇರಲಿಲ್ಲ.

ಆ ವರ್ಷ ಅವರು ಬಾಯಿಮಾತು ಬಿಟ್ಟು ಕೆಲಸಕ್ಕೇ ಇಳಿದರು. ಮಂಗಳೂರಿನ ಗುಜರಿಯಲ್ಲಿ ಮುರಿದ ಯಾವುದೋ ಫಾರಿನ್ ಕಾರಿನ ಮೂರು ಅಗಲದ ಟೈರು ಹುಡುಕಿ ತಂದರು. ಅವು ಕೂರುವ ಹಾಗೆ ಚಿಕ್ಕಮಗಳೂರಿನಲ್ಲಿ ಚಕ್ರದ ಕಬ್ಬಿಣದ ಡಿಸ್ಕುಗಳನ್ನು ಕೊಯ್ಯಿಸಿ, ನಡುವೆ ಪಟ್ಟಿ ಕೊಟ್ಟು ವೆಲ್ಡ್ ಮಾಡಿಸಿದರು. ಎರಡು ಹಿಂದಕ್ಕೆ, ಒಂದು ಸ್ಟೆಪ್ನಿಗೆ. ಮಡ್ಗಾರ್ಡಿಗೆ ತಾಗುತ್ತದೆ ಅಂತ ಮರದ ಸುತ್ತಿಗೆಯಲ್ಲಿ ಬಡಿದು ಅದನ್ನು ಹೊರಗೆ ಉಬ್ಬಿಸಿದರು. ಕಾರು ಈಗ ಹಿಂದಿನಿಂದ ನೋಡಿದರೆ ಸೊಂಟದ ಮೇಲೆ ಕೈ ಇಟ್ಟು ಜಗಳಕ್ಕೆ ನಿಂತ ಹೆಂಗಸಿನ ಹಾಗೆ ಕಾಣುತ್ತಿತ್ತು.

ಪರೀಕ್ಷೆ ಆಗಬೇಡವೇ? ಅದಕ್ಕೆ ಅವರಿಗೆ ಸಿಕ್ಕಿದ್ದು ಗೌಡರ ಕಾಫಿ ಒಣಗಿಸುವ ಕಣ. ಕೊಯ್ಲಿಗೆ ಅಂತ ಆಗಷ್ಟೇ ಸಗಣಿ ಸಾರಿಸಿ ಇಟ್ಟಿದ್ದರು. ಭಾವ ಟೈರಿಗೆಲ್ಲ ಸುಣ್ಣ ಬಳಿದು, ಕಣದ ಮೇಲೆ ಕಾರನ್ನು ಗುಂಡಗೆ ಸುತ್ತಿಸಿದರು. ಅಗಲದ ಟೈರು ಎಷ್ಟು ಜಾರುತ್ತದೆ, ಸಣ್ಣದು ಎಷ್ಟು ಅಂತ ಬಿಳಿ ಗೆರೆಯಲ್ಲಿ ಕಾಣಬೇಕಂತೆ. ಒಂದರೊಳಗೊಂದು ಏಳೆಂಟು ಸುತ್ತು ಬಿತ್ತು. ನಾವು ಕಾರು ಆಚೆ ನಿಲ್ಲಿಸಿ ಗೆರೆ ಅಳೆಯಲು ಹಗ್ಗ ತರುವಷ್ಟರಲ್ಲಿ ತೋಟದ ಆಳು ಹೆಂಗಸರು ಬಂದರು, ಬಿಳಿ ಮಂಡಲ ನೋಡಿದರು, ಏನೋ ದೊಡ್ಡ ಪೂಜೆಗೆ ಬರೆದಿದ್ದಾರೆ ಅಂತ ಚಪ್ಪಲಿ ಕಳಚಿ ಸಾಲಾಗಿ ನಿಂತುಬಿಟ್ಟರು. ಹಿಂದಿನಿಂದ ತೋಟದ ಲೆಕ್ಕ ಬರೆಯುವ ರೈಟರು ಬಂದರು, ಅವರೂ ಕಳಚಿದರು. ಕಡೆಗೆ ಗೌಡರೇ ಬಂದರು. ಕಣದ ಗತಿ ನೋಡಿ ಅವರ ಬಾಯಿಂದ ಹೊರಟ ಮಂತ್ರ ಮಾತ್ರ ಯಾವ ಪೂಜೆಯದ್ದೂ ಆಗಿರಲಿಲ್ಲ!

ಆದರೆ ಒಂದು ಮಾತು ಒಪ್ಪಬೇಕು. ಏರಿನಲ್ಲಿ ಕಾರು ಮೊದಲಿಗಿಂತ ಚೆನ್ನಾಗಿ ಹತ್ತುತ್ತಿತ್ತು. ಗಡಿಯಾರ ನನ್ನ ಕೈಯಲ್ಲೇ ಇತ್ತಲ್ಲ, ನನಗೆ ಗೊತ್ತಿತ್ತು. ಒಪ್ಪಲು ಮನಸ್ಸು ಬರಲಿಲ್ಲ, ಅಷ್ಟೆ.

ಉಳಿದದ್ದು ಸ್ಟೆಪ್ನಿಯ ಪ್ರಶ್ನೆ. ಅಗಲದ್ದೋ, ಸಣ್ಣದೋ? "ಹಿಂದಿನ ಟೈರು ಮಡ್ಗಾರ್ಡಿಂದ ಹೊರಗೆ ಬಂದಿದೆ, ಭಾರಾನೂ ಅದರ ಮೇಲೇ. ಕಲ್ಲು ಹೊಡೆದ್ರೆ ಅದಕ್ಕೇ ಹೊಡೆಯೋದು. ಅಗಲದ್ದೇ ಇಡೋಣ" ಅಂದರು ಭಾವ. "ಕಲ್ಲಿನ ಮೇಲೆ ಮೊದಲು ಹೋಗೋದು ಮುಂದಿನ ಚಕ್ರ. ಸಣ್ಣದೇ ಇಡ್ಬೇಕು" ಅಂದೆ ನಾನು. ವಾದ ಬೆಳೆಯಿತು. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಭಾವನಿಗೆ ಯಾವತ್ತೂ ಬಾರದ ಸಿಟ್ಟು ಅವತ್ತು ಬಂತು. "ಓದಿದ್ದು ಅರ್ಧ ಏಳನೇ ಕ್ಲಾಸು, ನನಗೆ ಪಾಠ ಹೇಳೋಕೆ ಬರ್ತೀಯೇನೋ?"

ಗಿರಾಕಿಗಳು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಆ ಅರ್ಧ ಕ್ಲಾಸು ಯಾಕೆ ನಿಂತಿತು ಅಂತ ಊರಿಗೆಲ್ಲ ಗೊತ್ತಿಲ್ಲದಿದ್ದರೂ ಭಾವನಿಗೆ ಗೊತ್ತಿತ್ತು. ಅವರಿಗೂ ತಕ್ಷಣ ಅರಿವಾಯಿತು ಅಂತ ಕಾಣುತ್ತದೆ. ಮಧ್ಯಾಹ್ನ ತಮ್ಮ ತಟ್ಟೆಯ ಮೀನು ಎತ್ತಿ ನನ್ನ ತಟ್ಟೆಗೆ ಹಾಕಿದರು. ನಾನು ತಿನ್ನಲಿಲ್ಲ.

ರ‍್ಯಾಲಿಯ ದಿನ ಬೆಳಿಗ್ಗೆ ಭಾವ ಅಕ್ಕನ ಹತ್ತಿರ ಕುಂಕುಮ ಇಡಿಸಿಕೊಳ್ಳಲು ಮನೆಗೆ ಹೋದರು. ಕಾರು ಅಂಗಡಿ ಮುಂದೆ ನಿಂತಿತ್ತು. ಅವರೇ ಕೈಯಾರೆ ಅಗಲದ ಸ್ಟೆಪ್ನಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದರು. ನಾನು ಅದನ್ನು ಎತ್ತಿ ಕೆಳಗಿಟ್ಟೆ, ಸಣ್ಣದನ್ನು ಇಟ್ಟೆ, ಮುಚ್ಚಳ ಹಾಕಿದೆ. ಮುಂದಿನ ಚಕ್ರ ಪಂಕ್ಚರಾಗುತ್ತದೆ, ಭಾವ ತಲೆ ಮೇಲೆ ಕೈ ಹೊತ್ತು ಡಿಕ್ಕಿ ತೆಗೆಯುತ್ತಾರೆ, ಸಣ್ಣ ಸ್ಟೆಪ್ನಿ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ಆಗ ಅರ್ಧ ಏಳನೇ ಕ್ಲಾಸು ಅಂದರೆ ಏನು ಅಂತ ಗೊತ್ತಾಗುತ್ತದೆ. ಇದಿಷ್ಟೂ ನನ್ನ ತಲೆಯಲ್ಲಿದ್ದ ಚಿತ್ರ.

ಆವತ್ತು ಭಾವ ಹೇಗೆ ಓಡಿಸಿದರು ಅಂತ ಹೇಳಲು ನನಗೆ ಬರುವುದಿಲ್ಲ. ಬಾಬಾಬುಡನ್‌ಗಿರಿಯ ತಿರುವುಗಳಲ್ಲಿ ಕಾರು ಹಾವಿನ ಹಾಗೆ ಹೋಯಿತು. ಪೇಟೆಯಿಂದ ಬಂದ ದೊಡ್ಡ ದೊಡ್ಡ ಕಾರುಗಳನ್ನು ಏರಿನಲ್ಲಿ ದಾಟಿದೆವು. ಕಳಸ ಮುಟ್ಟುವ ಹೊತ್ತಿಗೆ ನನ್ನ ಲೆಕ್ಕದ ಪ್ರಕಾರ ಹನ್ನೊಂದು ನಿಮಿಷ ಕೈಯಲ್ಲಿ ಉಳಿದಿತ್ತು. ಇನ್ನು ಒಂದೇ ಮೇಜು ಬಾಕಿ, ಕುದುರೆಮುಖದ ಹತ್ತಿರ. ಭಾವ ಆ ದಾರಿಯಲ್ಲಿ ಹಾಡು ಹೇಳಲು ಶುರು ಮಾಡಿದರು. ಅವರಿಗೆ ಹಾಡು ಬರುತ್ತದೆ ಅಂತಲೇ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಬರುತ್ತಿರಲೂ ಇಲ್ಲ ಅನ್ನಿ!

ಕಳಸ ದಾಟಿ ಐದಾರು ಮೈಲಿಗೆ ಹಿಂದಿನ ಎಡಗಡೆ ಟೈರಿಗೆ ಕಲ್ಲು ಹೊಡೆಯಿತು. ಪಕ್ಕೆಯೇ ಸೀಳಿ ಹೋಯಿತು.

ಭಾವ ಗಾಬರಿಯಾಗಲಿಲ್ಲ. "ಹನ್ನೊಂದು ನಿಮಿಷ ಇದೆ ಅಂದ್ಯಲ್ಲ? ಚಕ್ರ ಬದಲಾಯಿಸೋಕೆ ನಾಲ್ಕು ಸಾಕು" ಅಂತ ಇಳಿದು, ಡಿಕ್ಕಿ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ನಾನು ಕಾರಿನ ಆ ಬದಿಯಲ್ಲಿದ್ದೆ. ಅವರು ಸ್ಟೆಪ್ನಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮನುಷ್ಯರ ಮುಖ ನೋಡುವ ಅಭ್ಯಾಸವೇ ಇಲ್ಲದವರು ಅವತ್ತು ನನ್ನ ಮುಖವನ್ನು ಸರಿಯಾಗಿ ನೋಡಿದರು. ನಾನು ಬೂಟಿನ ತುದಿ ನೋಡಿಕೊಂಡು ನಿಂತೆ.

"ಜಾಕಿ ಕೊಡು" ಅಂದರು. ಅಷ್ಟೇ.

ಒಂದು ಕಡೆ ಅಗಲ, ಒಂದು ಕಡೆ ಸಣ್ಣದು. ಸಡಿಲ ಜಲ್ಲಿಯ ಏರಿನಲ್ಲಿ ಸಣ್ಣ ಚಕ್ರ ಹಿಡಿತ ಸಿಗದೆ ಸುಮ್ಮನೆ ಗಿರಗಿರ ಸುತ್ತುತ್ತಿತ್ತು, ಅಗಲದ್ದು ಏನೂ ಮಾಡದೆ ನಿಂತಿರುತ್ತಿತ್ತು. ಪ್ರತಿ ತಿರುವಿಗೂ ನಾನು ಇಳಿದು ತಳ್ಳಿದೆ. ಅಂಗಿಯೆಲ್ಲ ಕೆಂಪು ಧೂಳು. ನಾವು ದಾಟಿ ಬಂದಿದ್ದ ಕಾರುಗಳೆಲ್ಲ ಒಂದೊಂದಾಗಿ ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿ ಹೋದವು. ನಾವು ಮುಟ್ಟುವ ಹೊತ್ತಿಗೆ ಮೇಜು ಮಡಿಸಿ ವ್ಯಾನಿಗೆ ಏರಿಸಿದ್ದರು. ಗೌಡರು ಒಬ್ಬರೇ ಒಂದು ಕಲ್ಲಿನ ಮೇಲೆ ಕೂತಿದ್ದರು. ಎದ್ದು ಬಂದು ಕಾರಿಗೊಂದು ಸುತ್ತು ಹಾಕಿದರು. ಹಿಂದಿನ ಎಡಗಡೆ ಚಕ್ರದ ಹತ್ತಿರ ನಿಂತರು.

"ಯಾವನಯ್ಯಾ ಈ ಸಣ್ಣ ಸ್ಟೆಪ್ನಿ ಇಟ್ಟಿದ್ದು?"

ನಾನು ಬಾಯಿ ತೆರೆದೆ. ನಿಜವಾಗಿ ತೆರೆದೆ, ದೇವರಾಣೆ.

"ನಾನೇ ಗೌಡ್ರೆ" ಅಂದರು ಭಾವ. "ಹೊರಡೋ ಗಡಿಬಿಡೀಲಿ ಕೈಗೆ ಸಿಕ್ಕಿದ್ದನ್ನ ಎತ್ತಿ ಹಾಕ್ಬಿಟ್ಟೆ. ಇವನು ಬೇಡ ಬೇಡ ಅಂತಲೇ ಇದ್ದ. ನನ್ನ ತಲೆಗೆ ಹೋಗ್ಲಿಲ್ಲ."

ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಕಾರಿನ ಕೀಲಿಯನ್ನು ಗೌಡರು ಅಲ್ಲೇ ತೆಗೆದುಕೊಂಡಿದ್ದರು. ವಾಪಸ್ಸು ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕೇಳಿದೆ, "ಯಾಕೆ ಭಾವ?" ಅವರು ಕಿಟಕಿ ಆಚೆ ನೋಡುತ್ತಾ ಹೇಳಿದರು, "ಬರೋ ವಾರ ಕಳಸಕ್ಕೆ ನಿನಗೆ ಹೆಣ್ಣು ನೋಡೋಕೆ ಹೋಗೋದಿದೆ. ಟೈರಿನ ಅಂಗಡಿ ಹುಡುಗ ಸ್ಟೆಪ್ನಿ ತಪ್ಪು ಹಾಕ್ದ ಅಂದ್ರೆ ಯಾರು ಮಗಳು ಕೊಡ್ತಾರೆ ಮಾರಾಯ? ನನಗಾದ್ರೆ ನಿಮ್ಮಕ್ಕನ್ನ ಆಗ್ಲೇ ಕೊಟ್ಟಾಗಿದೆ. ಈಗ ವಾಪಸ್ ಇಸ್ಕೊಳ್ಳೋ ಹಾಗಿಲ್ಲ!"

ಕಳಸದಲ್ಲಿ ಹುಡುಗಿಯ ಅಪ್ಪ ಬಾಗಿಲಲ್ಲೇ ಕೇಳಿದರು, "ನೀವೇ ಅಲ್ವಾ ಸಣ್ಣ ಸ್ಟೆಪ್ನಿಯೋರು?" ಸುದ್ದಿ ನಮಗಿಂತ ಮುಂಚೆ ಬಂದಿತ್ತು! "ನಾನೇ ಸ್ವಾಮಿ" ಅಂತ ಭಾವ ಜಗಲಿಯಲ್ಲಿ ಕೂತು ಇಡೀ ಕತೆ ಹೇಳಿದರು. ತಾನು ಡಿಕ್ಕಿ ತೆಗೆದಾಗ ಹೇಗೆ ಕಣ್ಣು ಬಿಟ್ಟೆ, ಗೌಡರು ಹೇಗೆ ಸುತ್ತು ಹಾಕಿದರು, ಎಲ್ಲ ಅಭಿನಯ ಮಾಡಿ ತೋರಿಸಿದರು. "ಇವನ ಮಾತು ಕೇಳಿದ್ರೆ ಗೆದ್ದಿರ್ತಿದ್ದೆ. ಹುಡುಗ ಗಟ್ಟಿ" ಅಂದರು. ಒಳಗೆ ಹೆಂಗಸರೂ ನಕ್ಕರು. ಆ ನಗುವಿನ ನಡುವೆಯೇ ಹುಡುಗಿ ಕಾಫಿ ತಂದಳು. ಭಾವ ಅವಳನ್ನು ನೋಡಲೇ ಇಲ್ಲ, ಅಂಗಳಕ್ಕಿಳಿದು ಅವರ ಜೀಪಿನ ಟೈರು ನೋಡಿ ಬಂದು ನನ್ನ ಕಿವಿಯಲ್ಲಿ ಹೇಳಿದರು, "ನಾಲ್ಕೂ ಸಮನಾಗಿ ಸವೆದಿದೆ. ಒಳ್ಳೆ ಮನೆ. ಹ್ಞೂಂ ಅನ್ನು." ನಾನು ಹ್ಞೂಂ ಅಂದೆ.

ಗೌಡರು ಕಾರು ಮಾರಿದರು. ಅದು ಮೂಡಿಗೆರೆ ಬಿಟ್ಟು ಹೋಗುವ ದಿನ ಭಾವ ನಾಲ್ಕೂ ಚಕ್ರಕ್ಕೆ ಗಾಳಿ ನೋಡಿ ಕಳಿಸಿದರು. ಆಮೇಲೆ ಅವರು ರ‍್ಯಾಲಿಗೆ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಊರಲ್ಲಿ ಅವರ ಹೆಸರೇ 'ಸಣ್ ಸ್ಟೆಪ್ನಿ' ಅಂತಾಯಿತು. ಹೋಟೆಲಿನಲ್ಲಿ ಯಾರಾದರೂ ಹೊಸಬರು ಬಂದರೆ, "ಏನ್ರೀ ಸಣ್ ಸ್ಟೆಪ್ನಿ, ಆ ಕತೆ ಹೇಳ್ರೀ" ಅನ್ನುವರು. ಭಾವ ಹೇಳುವರು. ವರ್ಷದಿಂದ ವರ್ಷಕ್ಕೆ ಕತೆ ಉದ್ದವಾಯಿತು, ಅದರಲ್ಲಿ ಅವರು ಇನ್ನಷ್ಟು ದಡ್ಡರಾದರು, ನಾನು ಇನ್ನಷ್ಟು ಜಾಣನಾದೆ. ಗೌಡರು ತಮ್ಮ ಜೀಪಿನ ಕೆಲಸವನ್ನು "ಗಟ್ಟಿ ಹುಡುಗ" ಅಂತ ನನಗೇ ಕೊಡಲು ಶುರು ಮಾಡಿದರು, ಅವರನ್ನು ನೋಡಿ ಉಳಿದ ತೋಟದವರೂ ಕೊಟ್ಟರು. ನಾನು ಪಕ್ಕದಲ್ಲೇ ನಿಂತು ಟೈರು ಬಿಚ್ಚುತ್ತಿದ್ದೆ. ನಗಬೇಕಾದ ಕಡೆ ನಗುತ್ತಲೂ ಇದ್ದೆ.

ಎಂಬತ್ತರ ದಶಕದ ನಡುವೆ ಊರಿಗೆ ಹೊಸ ಪುಟ್ಟ ಕಾರು ಬಂತು. ಭಾವ ಅದರ ಅಡಿಗೆ ಮಲಗಿ ನೋಡಿ, ಬೆನ್ನು ಹಿಡಿದುಕೊಂಡು ಎದ್ದರು. "ಇದು ಮುಂದಿನ ಚಕ್ರದಿಂದ ಎಳೆಯುತ್ತಲ್ಲೋ ಮಾರಾಯ!" ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ತೊಟ್ಟಿಯಲ್ಲಿ ಕೈ ತೊಳೆಯುತ್ತಾ, ಸೋತವರ ದನಿಯಲ್ಲಿ ಹೇಳಿದರು, "ಹಂಗಾದ್ರೆ ಕಿರುಬ ಸರಿ." ನಾನು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಅವರು ನಗಲು ಹೋಗಿ ಕೆಮ್ಮಿದರು. ಆ ಕೆಮ್ಮು ಮತ್ತೆ ನಿಲ್ಲಲಿಲ್ಲ.

ಹೋದ ವರ್ಷ, ಎಂಬತ್ತೆಂಟರಲ್ಲಿ, ಮಂಗಳೂರಿನ ಆಸ್ಪತ್ರೆಯಲ್ಲಿ, ಅಕ್ಕ ಹೊರಗೆ ಹೋದಾಗ ಅವರ ಕೈ ಹಿಡಿದು ಹೇಳಿದೆ, "ಭಾವ, ಇನ್ನು ನನ್ನಿಂದಾಗಲ್ಲ. ಸ್ಟೆಪ್ನಿ ಇಟ್ಟಿದ್ದು ನಾನು ಅಂತ ಎಲ್ಲರಿಗೂ ಹೇಳಿಬಿಡ್ತೀನಿ."

ಉಸಿರು ಸಾಲದಿದ್ದರೂ ಅವರು ನಕ್ಕರು. "ಈಗ ಹೇಳಿದ್ರೆ ಯಾರೋ ನಂಬ್ತಾರೆ? ಇಷ್ಟು ವರ್ಷ ನಾನು ಎಷ್ಟು ಚೆನ್ನಾಗಿ ಹೇಳಿದೀನಿ!"

ನಾಲ್ಕು ದಿನಕ್ಕೆ ಹೋದರು. ಸಾವಿಗೆ ಬಂದವರೂ ಅಂಗಳದಲ್ಲಿ ನಿಂತು ಅದೇ ಕತೆ ಹೇಳಿಕೊಂಡರು, ಕಣ್ಣೊರೆಸಿಕೊಂಡು ನಕ್ಕರು.

ಇದನ್ನು ಬರೆದು ಮುಗಿಸಿ ಮೊದಲು ಅಕ್ಕನಿಗೆ ಓದಿ ಹೇಳಿದೆ. ಮದುವೆ ಬಸ್ಸಿನ ಮಾತಿಗೆ ನಕ್ಕಳು, ಕಣದ ಪೂಜೆಗೆ ನಕ್ಕಳು. ಡಿಕ್ಕಿಯ ಹತ್ತಿರ ಬಂದಾಗ ಅವಳ ನಗು ನಿಂತಿತು. ಪೂರ್ತಿ ಕೇಳಿ ಒಂದೇ ಮಾತು ಅಂದಳು: "ಅವರನ್ನ ನೋಡಿ ನಾನೂ ನಗ್ತಿದ್ನಲ್ಲೋ, ನನಗಾದ್ರೂ ಹೇಳ್ಬಾರ್ದಿತ್ತಾ?" ಎದ್ದು ಒಳಗೆ ಹೋದಳು. ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಕಾಫಿ ತಂದು ಮುಂದಿಟ್ಟಳು. ಸಕ್ಕರೆ ಹಾಕಿರಲಿಲ್ಲ. ನಾನು ಕೇಳದೆ ಕುಡಿದೆ.

ಈಗ ನನಗೆ ಗಾರೆ ನೆಲದ ಅಂಗಡಿ ಒಂದು ಇದೆ. ಕರೆಂಟಿನ ಕಂಪ್ರೆಸರ್ ಒಂದು, ಜಾಕಿ ಮೂರು. ಕೆಲಸಕ್ಕೆ ಇಬ್ಬರು. ಕೆಲಸ ಕೊಡುವ ತೋಟ ಹದಿನಾಲ್ಕು. ಕಳಸದಿಂದ ಬಂದ ಹೆಂಡತಿ, ಶಾಲೆಗೆ ಹೋಗುವ ಹೆಣ್ಣುಮಕ್ಕಳು ಇಬ್ಬರು, ಅಕ್ಕ ಒಬ್ಬಳು. ಭಾವ ಇಲ್ಲ.